ಆಕಸ್ಮಿಕ ವೆಚ್ಚ

ಎಲ್ಲಾರ ಪಗಾರದ ಬಿಲ್ಲು ಟೈಪ್ ಮಾಡಾಕಿ ನಾನು.
ಪ್ರೊಫೆಸರ್‌ಗಳ ತುಟ್ಟಿಭತ್ತೆ, ಮನೆಬಾಡಿಗಿ, ಹಿಂಬಾಕಿ,
ಪೈಸೆಕ್ಕ ಪೈಸೆ ನನ್ನ ಬೆರಳಿಗೆ ಬಾಯಿಪಾಠ.
ಆ ಹಾಳ್ಯಾಗ ನಮ್ಮ ಹೆಸರಿಲ್ಲ.
ನಾವು ಬರೋದು ಬ್ಯಾರೆ ತಲೆಬರಹದ ಕೆಳಗ,
ಆಕಸ್ಮಿಕ ವೆಚ್ಚ:
ಫಿನೈಲು ಹನ್ನೆರಡು ಡಬ್ಬಿ,
ಕಸಬರಿಗಿ ನಲವತ್ತು,
ಗೇಟಿಗೆ ಬೀಗ ಒಂದು,
ಆಳು ನೂರಾ ಹದಿನೇಳು.

ಇಮಾಂಬಿ ಹದಿನಾರು ವರ್ಷದ ಆಕಸ್ಮಿಕ.
ದಿನಾ ಎಂಟಕ್ಕ ಬಂದು ಹೆಬ್ಬೆಟ್ಟು ಒತ್ತತಾಳ.
ಕಸಿ ಕಟ್ಟಿ ಕಟ್ಟಿ ಗೆರಿ ಸವದು
ಮಷೀನು ಈಗ ಆಕಿನ್ನ ಗುರ್ತ ಹಿಡಿಯಂಗಿಲ್ಲ.
ಗೈರುಹಾಜರಿ ಅಂತ ತೋರಸ್ತೈತಿ.

ನವೆಂಬರಿನ ಪಗಾರ ಫೆಬ್ರುವರಿಗೂ ಬರಲಿಲ್ಲ.
ಏಜೆನ್ಸಿಯವ ವಿದ್ಯಾಲಯದ ಕಡೆ ಬೆರಳು ಮಾಡಿದ,
ವಿದ್ಯಾಲಯ ಏಜೆನ್ಸಿ ಕಡೆ.
ಎರಡೂ ಬೆರಳಿನ ನಡುವ ಶಾಮಿಯಾನ ಹಾಕಿದ್ವಿ.
ಅದರ ಬಾಡಿಗಿ ದಿನಕ್ಕ ಎಂಟುನೂರು,
ನಮ್ಮ ಕೂಲಿಗಿಂತ ಹೆಚ್ಚು,
ಅದೂ ಮುಂಗಡ.

ಹೊಳೆಬಸಪ್ಪ ಸರ್ ತಾಸಿನ ಲೆಕ್ಕದ ಅತಿಥಿ ಉಪನ್ಯಾಸಕ.
ನರ್ಸರಿ ಹುಡುಗ ಬೋರ್ಡಿನ ಮ್ಯಾಲೆ ‘ವೆತನ’ ಅಂತ ಬರದಿದ್ದ.
“ವೇತನಕ್ಕ ದೀರ್ಘ ಬೇಕೋ ತಮ್ಮಾ” ಅಂತ
ಬಿಸಿಲಾಗ ನಿಂತು ತಿದ್ದಿದ್ರು.
ದೀರ್ಘ ಬಂತು.

ಈ ಊರಿಗೆ ಅರ್ಜಿ ಹೊಸಾದಲ್ಲ.
ಹಳೇ ಬಾಗಲಕೋಟಿ ನೀರಾಗ ಇಳಿಯೋ ಮುಂದ
ನಮ್ಮಪ್ಪ ಪರಿಹಾರದ ಫೈಲು ಬಗಲಾಗ ಇಟ್ಟಕೊಂಡು
ಯಾವ್ಯಾವ ಆಫೀಸಿನ ಕಟ್ಟಿ ಮ್ಯಾಲೆ ಕುಂತಿದ್ದನೋ, ಲೆಕ್ಕಿಲ್ಲ.
ಮುಂದ ಸೆಕ್ಟರಿಗೆ ನಂಬರ್ ಬಂತು, ಸೈಟಿಗೆ ನಂಬರ್ ಬಂತು,
ಅಂವಗ ಕೆಮ್ಮು ಬಂತು.
ಕುಂದ್ರೂದು ನನಗ ಅಂವನ ಕಲಿಸಿದ್ದು.

ಎಂಟನೆ ದಿನ ಜಗಳ ಬಿತ್ತು, ನಮ್ಮನಮ್ಮಾಗ.
ನೆರಳುಬಲೆ ಒಳಗ ನಾಕು ಸಾವಿರ ದಾಳಿಂಬಿ ಕಸಿ,
ಹದಿನೈದು ದಿನದ ಕೂಸು.
ಯಮನಪ್ಪ ಅಂದ, “ಒಣಗಲಿ,
ಆವಾಗರ ಮ್ಯಾಲಿನವರಿಗೆ ಕಣ್ಣು ಕಾಣ್ತಾವ.”
“ಕಟ್ಟಿದ ಕೈನ್ನ ಕೇಳಿದೇನು?” ಅಂದ್ಳು ಇಮಾಂಬಿ.
ಯಾರೂ ಮಾತಾಡಲಿಲ್ಲ.
ಮೈಕು ಮಾತ್ರ ಕುಂಯ್ ಅಂತಿತ್ತು.

ಮಧ್ಯಾಹ್ನ ನಾವಿಬ್ರೂ ತಂತಿಬೇಲಿ ತನಕ ಹೋದ್ವಿ.
ಒಳಗ ಕಾಲಿಡಲಿಲ್ಲ.
ಒಳಗ ಡೀನ್ ಸಾಹೇಬ್ರು,
ಬೂಟು ಕಳದು, ಪ್ಯಾಂಟು ಮಣಕಾಲ ತನಕ ಮಡಚಿ,
ಪೈಪು ಹಿಡದು ನಿಂತಾರ.
ಕಸಿ ಬಗ್ಗೆ ಎರಡು ಪುಸ್ತಕ ಬರದಾವರು
ಬಿರುನೀರು ಬಿಟ್ಟು ಗಾಯದ ಮ್ಯಾಲೇ ಹೊಡ್ಯಾಕತ್ತಾರ.
ಚೀಲದ ಮಣ್ಣೆಲ್ಲಾ ಹಾದಿಗೆ ಹರದೈತಿ.

ಇಮಾಂಬಿ ತಂತಿ ಹಿಡಕೊಂಡು ಒದರಿದ್ಳು:
“ಸಾಹೇಬ್ರ, ಕಟ್ಟಿನ ಮ್ಯಾಲೆ ಬ್ಯಾಡ್ರೀ, ಕೊಳೀತೈತಿ!
ಝಾರಿ ತಗೋರಿ. ಬುಡಕ್ಕ. ಅಷ್ಟಲ್ರಿ, ಅರ್ಧ.
ಮುಂದಿನ ಸಾಲು.
ಬಾಗ್ರಿ. ಇನ್ನಾ ಸ್ವಲ್ಪ ಬಾಗ್ರಿ.”
ಸಾಹೇಬ್ರು ಬಾಗಿದ್ರು.
ಆಕಿ ಹೇಳಿದ್ಳು, ಅವರು ಮಾಡಿದ್ರು,
ಒಂದು ತಾಸು ಹತ್ತು ನಿಮಿಷ.
ಆಮ್ಯಾಲೆ ಸೆರಗಿನ್ಲೆ ಮಾರಿ ಒರಸಕೊಂಡು
ಮೆಲ್ಲಕ ಕೇಳಿದ್ಳು:
“ಹೊಳೆಬಸಪ್ಪ ಸರ್‌ಗೆ ಪಾಠಕ್ಕ
ತಾಸಿಗೆ ಎಷ್ಟ ಕೊಡ್ತೀರ್ರಿ?”

ಝಾರಿ ಕೆಳಗಿಟ್ಟ ಸಪ್ಪಳ
ಬೇಲಿ ತನಕ ಕೇಳಸ್ತು.

ಇವತ್ತು ಇಪ್ಪತ್ತೆಂಟು. ಬಿಲ್ಲು ಟೈಪ್ ಆಗಿಲ್ಲ,
ಯಾರದೂ.
ಮುಂಜಾನೆ ಕಾರಿನ ಗಾಜು ಇಳಿಸಿ
ಹಿರಿಯ ಪ್ರೊಫೆಸರ್ ಒಬ್ಬರು,
ಅವರ ಖಾತೆ ನಂಬರು ಹತ್ತು ವರ್ಷ
ನೋಡದನ ಬಡದಾಕಿನ್ನ ಕೇಳಿದ್ರು,
“ನಿನ್ನ ಹೆಸರೇನವಾ?”
ಹೇಳಿದೆ. ಬರಕೋರಿ ಅಂದೆ.
ಅವರು ಕಿಸೆ ತಡವಿದ್ರು, ಪೆನ್ನಿರಲಿಲ್ಲ.
ನನ್ನ ಹತ್ರ ಇತ್ತು.